ಕುಂಟದ ಟಗರು

“ಬುದ್ಧಿ, ಮೂವರನ್ನು ಹೊರಗೆ ಕಳಿಸಿದರೂ ಮಠದಲ್ಲಿ ಜಗಳ ನಿಂತಿಲ್ಲ. ಇನ್ನು ಯಾರನ್ನು ಕಳಿಸೋಣ?” ಎಂದು ಹಿರಿಯ ಶಿಷ್ಯ ಚನ್ನವೀರ ಕೇಳಿದ. ಆ ಮೂವರ ಹೆಸರು ಹೇಳಿದವನೂ ಅವನೇ. ಹೂಂ ಎಂದವರು ಗುರುಗಳು. ನಾಲ್ಕನೆಯ ಹೆಸರು ಈಗ ಅವನ ನಾಲಿಗೆಯ ತುದಿಯಲ್ಲಿತ್ತು. ಗುರುಗಳು ಅದನ್ನು ಕೇಳಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ಕುರಿಗಾರನಿದ್ದ. ಅವನಿಗೆ ಎಂಬತ್ತು ಕುರಿಗಳ ಮಂದೆಯಿತ್ತು. ಮಂದೆಯೊಂದು, ಹೆಂಡತಿಯೊಬ್ಬಳು, ಅಷ್ಟು ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ. ಮಂದೆಯ ಮುಂದೆ ನಡೆಯುವುದು ದೇವರಿಗೆ ಬಿಟ್ಟ ಟಗರು. ದೇವರ ಟಗರನ್ನು ನೆಲಕ್ಕೆ ಕೆಡವಬಾರದು ಎಂಬುದು ಅವನ ಮನೆತನದ ಕಟ್ಟಳೆ. ಗೊರಸು ಹೆರೆಯಲು ಉಳಿದ ಕುರಿಗಳನ್ನೆಲ್ಲ ಅಂಗಾತ ಕೆಡವುತ್ತಿದ್ದ. ಟಗರಿನ ಸರದಿ ಬಂದಾಗ ಕೊಂಬಿಗೆ ಅರಿಶಿನ ಹಚ್ಚಿ ಕೈಮುಗಿಯುತ್ತಿದ್ದ.

ಒಂದು ಮಳೆಗಾಲ ಮೂರು ಕುರಿ ಕುಂಟತೊಡಗಿದವು. ನೋಡಿದರೆ ಗೊರಸಿನ ಸಂದು ಕೆಂಪಾಗಿ ಒಸರುತ್ತಿತ್ತು. ಕೆಸರಿನ ಕಾಟ, ಬಿಸಿಲು ಬಂದರೆ ಸರಿಹೋದೀತು ಎಂದುಕೊಂಡ. ವಾರದೊಳಗೆ ಹಿಮ್ಮಡಿಯ ಕಡೆಯಿಂದ ಗೊರಸು ಬಿಟ್ಟುಕೊಂಡಿತು. ಅದರಡಿ ಬೂದುಬಣ್ಣದ ಲೋಳೆ, ಮೂಗು ಮುಚ್ಚಿಕೊಳ್ಳುವಂಥ ನಾತ. ಕುರಿಗಳು ಮುಂಗಾಲು ಮಡಚಿ ಮಂಡಿಯ ಮೇಲೆ ಮೇಯುವುದನ್ನು ಕಂಡು ಅವನು ಸೊಪ್ಪು ತಂದು ಅವುಗಳ ಬಾಯಿಗೇ ಹಿಡಿದ. ಆದರೂ ಮಂದೆ ಉಳಿಯಬೇಕಲ್ಲ ಎಂದು ಮೂರನ್ನೂ ಕಟುಕನಿಗೆ ಕೊಟ್ಟ. ಹದಿನೈದು ದಿನಕ್ಕೆ ಮತ್ತೈದು ಕುಂಟಿದವು, ಅವೂ ಹೋದವು. ಕೊನೆಗೆ ನೆಲವೇ ಕೆಟ್ಟದ್ದೆಂದು ಬೈದು, ಕುರಿ ಕೂಡುವ ರೊಪ್ಪವನ್ನೇ ಕಿತ್ತು ಇನ್ನೊಂದು ಊರಿನ ಬಯಲಿಗೆ ಸಾಗಿಸಿದ. ಹೊಸ ಬಯಲಿಗೆ ಮೊದಲು ಕಾಲಿಟ್ಟದ್ದು ಟಗರು. ಅಲ್ಲಿಯೂ ಕುರಿಗಳು ಕುಂಟಿದವು.

ಹೆಂಡತಿ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದ ತಬ್ಬಲಿ ಕುರಿಯೊಂದಿತ್ತು. ಅದೂ ಕುಂಟಿದ ದಿನ ಅವಳು ಅಡ್ಡ ನಿಂತಳು. ಡಾಕ್ಟರನ್ನು ಕರೆತರದೆ ಇದನ್ನು ಮುಟ್ಟಕೂಡದು ಎಂದಳು. ದನದ ಡಾಕ್ಟರು ಬಂದು ಗೊರಸಿನಡಿಯ ಲೋಳೆಯನ್ನು ಹತ್ತಿಯಿಂದ ಒರೆಸಿಕೊಂಡು ಹೋದರು. ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎರಡೂ ತುದಿ ಉಬ್ಬಿದ ಸಣ್ಣ ಕಡ್ಡಿಗಳಂಥ ರೋಗಾಣು ಕಂಡಿತಂತೆ. ಮರಳಿ ಬಂದು ಅವನಿಗೆ ಬಿಡಿಸಿ ಹೇಳಿದರು. ಇದರಲ್ಲಿ ಇಬ್ಬರ ಕೈವಾಡವಿದೆ. ಒಂದು ರೋಗಾಣು ಹಿಕ್ಕೆ ಬಿದ್ದ ಯಾವ ಕೆಸರಿನಲ್ಲೂ ಇರುತ್ತದೆ. ನೆನೆದ ಚರ್ಮವನ್ನು ಕೆಡಿಸಿ ಬಾಗಿಲು ತೆರೆದುಕೊಡುತ್ತದೆ. ಗೊರಸನ್ನು ಬುಡದಿಂದ ಬಿಡಿಸುವುದು ಗಾಜಿನ ಮೇಲೆ ಕಂಡ ಇನ್ನೊಂದು. ಅದು ಬರಿ ನೆಲದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಕುರಿಯ ಕಾಲಿನಲ್ಲೇ ಅದರ ಬಿಡಾರ. ಕೆಲವು ಕಾಲುಗಳಲ್ಲಿ ಕುಂಟಿಸದೆಯೂ ಅಡಗಿರುತ್ತದೆ. ಹಾಗಾಗಿ ನೆಲವನ್ನು ಬೈದು ಫಲವಿಲ್ಲ, ಒಂದನ್ನೂ ಬಿಡದೆ ಕಾಲೆತ್ತಿ ನೋಡಬೇಕು.

ಕುರಿಗಾರ ಒಂದೊಂದಾಗಿ ಎಲ್ಲವನ್ನೂ ಕೆಡವಿ ತೋರಿಸಿದ. ಸೋಂಕು ಕಂಡವಕ್ಕೆ ಸೂಜಿಮದ್ದು ಕೊಟ್ಟು, ಎಲ್ಲವುಗಳ ಕಾಲನ್ನೂ ಮೈಲುತುತ್ತದ ನೀರಿನಲ್ಲಿ ನೆನೆಸಿದ್ದಾಯಿತು. ಕೊನೆಗೆ ಡಾಕ್ಟರು ಇಷ್ಟೇನಾ ಎಂದು ಕೇಳಿದರು. ಇಷ್ಟೇ ಸ್ವಾಮಿ ಎಂದ. ಅದು ಅವನಿಗೆ ಸುಳ್ಳೆಂದು ಅನಿಸಲೂ ಇಲ್ಲ, ನೋಡು. ದೇವರ ಟಗರನ್ನು ಯಾರಾದರೂ ಕುರಿಗಳ ಜೊತೆಗೆ ಎಣಿಸುತ್ತಾರೆಯೇ? ಅದೂ ಅಲ್ಲದೆ, ಅದು ಕುಂಟುತ್ತಲೂ ಇರಲಿಲ್ಲ.

ತಿಂಗಳೊಂದು ಮಂದೆ ನೆಟ್ಟಗೆ ನಡೆಯಿತು. ಆಮೇಲೆ ಮತ್ತೆ ಅದೇ ನಾತ. ಔಷಧಿಯೇ ಖೊಟ್ಟಿ ಎಂದು ಡಾಕ್ಟರಿಗೆ ಹಿಡಿಶಾಪ ಹಾಕಿದ. ಕುಂಟಿದವನ್ನೆಲ್ಲ ಮೊದಲಿನಂತೆ ಕಟುಕನಿಗೆ ಅಟ್ಟಿದ. ಹೆಂಡತಿ ನೀರಿಗೆ ಹೋದ ಹೊತ್ತು ನೋಡಿ ಆ ತಬ್ಬಲಿ ಕುರಿಯನ್ನೂ ಕೊಟ್ಟುಬಿಟ್ಟ. ದೀಪಾವಳಿಯ ಹೊತ್ತಿಗೆ ಟಗರನ್ನು ಬಿಟ್ಟರೆ ಒಂಬತ್ತು ಉಳಿದವು.

ಒಂದು ಬೆಳಿಗ್ಗೆ ಹೆಂಡತಿ ಯಾರನ್ನೂ ಕೇಳದೆ ಟಗರಿನ ಕಾಲು ಹಿಡಿದು ಕೆಡವಿದಳು. ಅವನು ಬೇಡ ಬೇಡ ಎನ್ನುತ್ತ ಓಡಿಬಂದ. ಅವಳು ಹೆರೆಗತ್ತಿಯಿಂದ ಹಿಂಗಾಲಿನ ಗೊರಸಿನ ಅಂಚು ಬಿಡಿಸಿದಳು. ಒಳಗೆ ಬೆರಳು ಹೋಗುವಷ್ಟು ಪೊಳ್ಳು, ಅದರ ತುಂಬ ಬೂದುಬಣ್ಣದ ಲೋಳೆ. ಆ ನಾತ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಕುಂಟಿದ್ದೆಲ್ಲ ಕಟುಕನ ಪಾಲಾದ್ವು. ಕುಂಟ್ಸಿದ್ದಕ್ಕೆ ನಾವು ಅರಿಶಿನ ಹಚ್ಕೊಂಡು ಕೂತಿದ್ವಿ,” ಎಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅದೇ ಸೂಜಿಮದ್ದಿಗೆ, ಅದೇ ಮೈಲುತುತ್ತದ ನೀರಿಗೆ ಟಗರಿನ ಕಾಲು ಮೂರು ವಾರದಲ್ಲಿ ವಾಸಿಯಾಯಿತು. ಹೋದವೂ ಹೀಗೆಯೇ ವಾಸಿಯಾಗುತ್ತಿದ್ದವು ಎಂಬುದು ಅವನಿಗೆ ಆಗ ತಿಳಿಯಿತು. ಆಮೇಲೆ ಅವನು ಆ ಒಂಬತ್ತನ್ನು ಮೇಯಿಸುತ್ತಿದ್ದ. ಆದರೆ ಅವುಗಳ ಮುಖವನ್ನು ನೋಡುತ್ತಿರಲಿಲ್ಲ.

ಗುರುಗಳು ನಿಲ್ಲಿಸಿದರು. ಚನ್ನವೀರ ತಲೆಯಾಡಿಸಿ, “ಎಂಥ ಮೂಢ ಅವನು, ಬುದ್ಧಿ! ಮುಂದೆ ನಡೆಯುವುದನ್ನೇ ಮೊದಲು ನೋಡಬೇಕಿತ್ತು,” ಎಂದ.

ಗುರುಗಳು ಮಡಚಿದ್ದ ಕಾಲು ಬಿಡಿಸಿ, ಶಿಷ್ಯರು ದಿನವೂ ಹಣೆ ಹಚ್ಚುವ ಪಾದಗಳೆರಡನ್ನೂ ಅವನ ಮುಂದೆ ಚಾಚಿದರು.

“ಹಾಗಾದರೆ ಹೇಳು, ಮೊದಲು ಯಾರ ಕಾಲು ಎತ್ತಿ ನೋಡೋಣ, ನನ್ನದೋ ನಿನ್ನದೋ?”