ಬೂಟು ತೊಟ್ಟ ಎರಡು ಡೌನ್‌ಟೌನ್

ಇದು ಒಂದು ಊರಿನ ಕತೆಯಲ್ಲ, ಎರಡು ಊರಿನದು. ಒಂದೇ ಊರಾಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಹೂಂ ಅನ್ನುತ್ತಾ ಕೇಳಿ. ನೀವು ಹೂಂ ಅನ್ನುವುದನ್ನು ಮರೆತರೆ ನಾನು ದಾರಿ ಮರೆಯುತ್ತೇನೆ.

ಅಮೆರಿಕ ದೇಶದಲ್ಲಿ ಬಾರ್ಲಿಂಗ್‌ಟನ್ ಅಂತ ಒಂದು ದೊಡ್ಡ ಊರು. ಅಲ್ಲಿಂದ ನೆಟ್ಟಗೆ ನಲವತ್ತು ಮೈಲಿ ಹೋದರೆ ಟಲೂಮಾ ಅಂತ ಇನ್ನೊಂದು ದೊಡ್ಡ ಊರು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಎರಡೂ ಊರುಗಳ ಹೊಟ್ಟೆಯೊಳಗೆ ಒಂದೊಂದು ಡೌನ್‌ಟೌನ್ ಇತ್ತು. ಡೌನ್‌ಟೌನ್ ಅಂದರೇನು ಅಂದಿರಾ? ಎತ್ತರದ ಕಟ್ಟಡಗಳೆಲ್ಲ ಒಂದೇ ಕಡೆ ಒತ್ತೊತ್ತಾಗಿ ನಿಂತ ಜಾಗ. ಹೆಸರಿನಲ್ಲಿ ಡೌನ್, ಇರುವುದೆಲ್ಲ ಮೇಲೆ. ಬಾರ್ಲಿಂಗ್‌ಟನ್‌ನಲ್ಲಿ ಅಂಥ ಕಟ್ಟಡ ಅರವತ್ತಮೂರು. ಟಲೂಮಾದಲ್ಲೂ ಅರವತ್ತಮೂರು.

ಬಾರ್ಲಿಂಗ್‌ಟನ್ನಿನ ಮೇಯರ್ ಹಾಬ್ಸ್ ಊಟ ಬಿಟ್ಟಾನು, ಹೋಲಿಕೆ ಬಿಡಲಾರ. ಬೆಳಗ್ಗೆ ಎದ್ದವನೇ ಕಿಟಕಿ ತೆಗೆದು, "ನಮ್ಮ ಡೌನ್‌ಟೌನೇ ದೊಡ್ಡದು" ಅನ್ನುತ್ತಿದ್ದ. ಟಲೂಮಾದ ಮೇಯರ್ ಶ್ರೀಮತಿ ಕ್ವಿಂಬಿ ಅದೇ ಹೊತ್ತಿಗೆ ತನ್ನ ಕಿಟಕಿ ತೆಗೆದು, "ನಮ್ಮದೇ ದೊಡ್ಡದು" ಅನ್ನುತ್ತಿದ್ದಳು. ನಲವತ್ತು ಮೈಲಿ ದೂರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಆದರೂ ಇಬ್ಬರೂ ಉತ್ತರ ಕೊಡುತ್ತಿದ್ದರು.

ಅಳೆದು ನೋಡಿದರು. ಬಾರ್ಲಿಂಗ್‌ಟನ್ನಿನ ಟೇಪಿನಲ್ಲಿ ಇಂಚುಗಳು ಚಿಕ್ಕವು, ಹಾಗಾಗಿ ಬೇಕಾದಷ್ಟು ಹಿಡಿಯುತ್ತಿದ್ದವು. ಟಲೂಮಾದವರು ಮೆಟ್ಟಿಲು ಎಣಿಸುವಾಗ ಹತ್ತಿದ್ದನ್ನೂ ಇಳಿದದ್ದನ್ನೂ ಸೇರಿಸಿ ಎಣಿಸುತ್ತಿದ್ದರು. ಕೊನೆಗೆ ಎರಡೂ ಊರಿನವರಲ್ಲದ ಒಬ್ಬರು ಅಳೆಯಲಿ ಅಂತ ಒಪ್ಪಂದವಾಯಿತು. ಸೋತ ಊರು ಇನ್ನು ಮೇಲೆ ಡೌನ್‌ಟೌನ್ ಅನ್ನುವ ಮಾತನ್ನೇ ಬಿಟ್ಟು, ತನ್ನ ನಡುಮಧ್ಯವನ್ನು 'ಮೂಲೆ' ಅಂತ ಕರೆಯಬೇಕು.

ಅಂಥವಳು ಒಬ್ಬಳೇ ಸಿಕ್ಕಿದಳು. ಇಪ್ಪತ್ತನೇ ಮೈಲಿಯಲ್ಲಿ, ರಸ್ತೆಯ ಸರಿ ಮಧ್ಯದಲ್ಲಿ, ಬೂಟಿನ ಅಂಗಡಿ ಇಟ್ಟುಕೊಂಡಿದ್ದ ಹ್ಯಾಟಿ ಕ್ರೌಲಿ. ಐವತ್ತಾರು ವಯಸ್ಸು. ಎರಡೂ ಊರಿನ ಜನ ಅವಳ ಮುಂದೆ ಕಾಲು ಚಾಚಿ ಕೂತವರೇ. ಪಾದ ಎಷ್ಟಿದೆಯೋ ಅಷ್ಟೇ ಹೇಳುತ್ತಿದ್ದಳು. ಒಬ್ಬರ ಮನಸ್ಸು ಸಮಾಧಾನವಾಗಲಿ ಅಂತ ಅರ್ಧ ನಂಬರನ್ನೂ ಹಿಂದೆಮುಂದೆ ಮಾಡಿದವಳಲ್ಲ.

ಅವಳಿಗೆ ಒಬ್ಬ ತಂಗಿ ಇದ್ದಳು, ಡೋರಾ. ಅಪ್ಪ ತೀರಿಕೊಂಡ ಮೇಲೆ ಡೋರಾ, "ಅಂಗಡೀನ ಟಲೂಮಾ ಡೌನ್‌ಟೌನಿಗೆ ತೊಗೊಂಡು ಹೋಗೋಣ ಅಕ್ಕಾ, ಅಲ್ಲಿ ಬೆಳಕಿದೆ" ಅಂದಿದ್ದಳು. ಹ್ಯಾಟಿ, "ಹೋಗೋದಾದರೆ ಬಾರ್ಲಿಂಗ್‌ಟನ್ನಿಗೆ, ಅಲ್ಲಿ ಮರ್ಯಾದೆ ಇದೆ" ಅಂದಿದ್ದಳು. ಬೆಳಕೋ ಮರ್ಯಾದೆಯೋ ಅಂತ ಶುರುವಾದದ್ದು ನೀನೋ ನಾನೋ ಅನ್ನುವಲ್ಲಿಗೆ ಮುಟ್ಟಿತು. ಡೋರಾ ಒಬ್ಬಳೇ ಟಲೂಮಾಕ್ಕೆ ಹೋಗಿ, ಅಲ್ಲಿ ನಲವತ್ತೊಂದು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದಳು. ಅಂಗಡಿ ಇದ್ದಲ್ಲೇ ಉಳಿಯಿತು. ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಮೇಯರುಗಳು ಬಂದು ವಿಷಯ ಹೇಳಿದಾಗ ಹ್ಯಾಟಿ ತಲೆ ಅಲ್ಲಾಡಿಸಿದಳು. "ನನಗೆ ಪಾದ ಬಿಟ್ಟು ಬೇರೇನೂ ಅಳೆಯೋಕೆ ಬರಲ್ಲ."

"ಹಾಗಾದರೆ ಪಾದಾನೇ ಅಳೆ" ಅಂದ ಹಾಬ್ಸ್.

"ಅಳೆಯಲ್ಲ ಅಂದರೆ?"

"ರಸ್ತೆ ಮಡಿಸಿಬಿಡ್ತೀವಿ" ಅಂದಳು ಶ್ರೀಮತಿ ಕ್ವಿಂಬಿ. "ಆ ಕಡೆಯಿಂದ ಅವರು ಮಡಿಸ್ತಾ ಬರ್ತಾರೆ, ಈ ಕಡೆಯಿಂದ ನಾವು. ಮಡಿಸಿ ಪೆಟ್ಟಿಗೇಲಿ ಇಟ್ಟುಬಿಡ್ತೀವಿ. ಆಮೇಲೆ ನೀನು ಎಲ್ಲಿಗೂ ಹೋಗೋಹಾಗಿಲ್ಲ, ನಿನ್ನ ಹತ್ತಿರ ಯಾರೂ ಬರೋಹಾಗಿಲ್ಲ."

ಹ್ಯಾಟಿ ಬಾಗಿಲಾಚೆ ನೋಡಿದಳು. ಟಲೂಮಾಕ್ಕೆ ಹೋಗುವ ರಸ್ತೆ ಬಿಸಿಲಿನಲ್ಲಿ ಉದ್ದಕ್ಕೆ ಮಲಗಿತ್ತು. ಹನ್ನೊಂದು ವರ್ಷದಲ್ಲಿ ಅದರ ಮೇಲೆ ಅವಳು ಒಂದು ಸಲವೂ ಹೋಗಿರಲಿಲ್ಲ. ಹೋಗದೆ ಇರುವುದು ಬೇರೆ, ಹೋಗಲು ದಾರಿಯೇ ಇಲ್ಲದಿರುವುದು ಬೇರೆ ಅಂತ ಅವಳಿಗೆ ಅನ್ನಿಸಿತು. ಪಾದ ಅಳೆಯುವ ಮರದ ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಳು.

ಮೊದಲು ಬಾರ್ಲಿಂಗ್‌ಟನ್. ಅಲ್ಲಿನ ನಲವತ್ತೆರಡು ಮಹಡಿಯ ಕಟ್ಟಡದ ಮುಂದೆ ಹಲಗೆ ಇಟ್ಟು, "ಎಲ್ಲಿ, ಪಾದ ಇಡಪ್ಪ" ಅಂದಳು.

ಕಟ್ಟಡ ಬಗ್ಗಿ ಹಲಗೆ ನೋಡಿತು. ಆಮೇಲೆ, "ತಾಯಿ, ಇಷ್ಟು ವರ್ಷ ಬಂದವರೆಲ್ಲ ನನ್ನ ತಲೆ ನೋಡಿಕೊಂಡು ಹೋದರು. ಕಾಲು ಕೇಳಿದೋಳು ನೀನೇ ಮೊದಲು" ಅಂತ ಹೇಳಿ ಮೆಲ್ಲಗೆ ಬಲಗಾಲು ಎತ್ತಿತು. ಒಳಗಿದ್ದವರ ಕಾಫಿ ಕಪ್ಪುಗಳೆಲ್ಲ ಎಡಕ್ಕೆ ಜಾರಿದವು. ಹ್ಯಾಟಿ ಬಗ್ಗಿ ಪಾದ ನೋಡಿದಳು. ಕಟ್ಟಿದ ದಿನದಿಂದ ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಂತು ನಿಂತು ಅಂಗಾಲೆಲ್ಲ ಬಿರುಕು ಬಿಟ್ಟಿತ್ತು.

"ಅಳತೆ ಆಯಿತಾ?" ಅಂದ ಹಾಬ್ಸ್.

"ಆಯಿತು. ಬೂಟು ತರಿಸಿ."

"ಬೂಟು ಯಾಕೆ?"

"ಅಳತೆ ತೊಗೊಂಡ ಕಾಲನ್ನ ಬರಿಗಾಲಲ್ಲಿ ವಾಪಸ್ ಕಳಿಸೋದು ನಮ್ಮ ಅಂಗಡೀಲಿ ಪದ್ಧತಿ ಇಲ್ಲ."

ಹಾಬ್ಸ್ ಯೋಚಿಸಿದ. ಕಾರು ನಿಲ್ಲಿಸುವ ಕಟ್ಟಡಗಳು ಊರಲ್ಲಿ ಬೇಕಾದಷ್ಟಿದ್ದವು. ಅವನ್ನು ಒಳಗಿನಿಂದ ಟೊಳ್ಳು ಮಾಡಿಸಿ ಬೂಟು ಮಾಡಿಸಿದ. ಬೆಂಕಿ ಆರಿಸುವವರ ನೀರಿನ ಪೈಪು ತಂದು ಲೇಸು ಕಟ್ಟಿಸಿದ. ಅರವತ್ತಮೂರು ಕಟ್ಟಡಕ್ಕೆ ಅರವತ್ತಮೂರು ಜೊತೆ. ಹ್ಯಾಟಿ ಒಂದೊಂದರ ನಂಬರನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಸುದ್ದಿ ಟಲೂಮಾಕ್ಕೆ ಮುಟ್ಟದೆ ಇರುತ್ತದೆಯೇ? ಹ್ಯಾಟಿ ಅಲ್ಲಿಗೆ ಹೋಗುವ ಹೊತ್ತಿಗೆ ಶ್ರೀಮತಿ ಕ್ವಿಂಬಿ ಬೂಟು ಸಿದ್ಧ ಮಾಡಿಸಿಟ್ಟಿದ್ದಳು. ಅದೂ ಒಂದು ಮಹಡಿಯಷ್ಟು ಎತ್ತರದ ಹೈಹೀಲ್ಸ್!

ಅರವತ್ತೆರಡು ಕಟ್ಟಡಗಳ ಅಳತೆ ಮುಗಿಯಿತು. ಉಳಿದದ್ದು ಡೋರಾಳ ಕಟ್ಟಡ. ಹ್ಯಾಟಿ ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಬಾಗಿಲು ತಳ್ಳಿ ಒಳಗೆ ಹೋಗಿ ಲಿಫ್ಟಿನ ಮುಂದೆ ನಿಂತಳು. ಲಿಫ್ಟ್ ಬಂತು, ಬಾಗಿಲು ತೆರೆಯಿತು. ನೀಲಿ ಟೋಪಿ ಹಾಕಿಕೊಂಡು ಸ್ಟೂಲಿನ ಮೇಲೆ ಡೋರಾ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಯಾವ ಮಹಡಿಗೆ ಹೋಗಬೇಕು?" ಅಂದಳು ಡೋರಾ.

ಹ್ಯಾಟಿಗೆ ಆಡಲು ನೂರು ಮಾತಿದ್ದವು. "ನೆಲಮಹಡಿ" ಅಂದುಬಿಟ್ಟಳು.

"ನೀವು ನೆಲಮಹಡಿಯಲ್ಲೇ ಇದ್ದೀರಿ" ಅಂದಳು ಡೋರಾ. ಬಾಗಿಲು ಮುಚ್ಚಿತು. ಲಿಫ್ಟ್ ಮೇಲೆ ಹೋಯಿತು.

ನೀವು ಅಂದಳಲ್ಲಾ! ಒಂದೇ ತಟ್ಟೆಯಲ್ಲಿ ಉಂಡವಳು, ಒಂದೇ ಕೌದಿಯಲ್ಲಿ ಮಲಗಿದವಳು, ನೀವು ಅಂದಳಲ್ಲಾ! ಹ್ಯಾಟಿ ಬಗ್ಗಿ ಆ ಕಟ್ಟಡದ ಪಾದ ಅಳೆದಳು, ಲೇಸು ಕಟ್ಟಿದಳು. ಪುಸ್ತಕದಲ್ಲಿ ನಂಬರು ಬರೆದುಕೊಂಡಳು. ಇಪ್ಪತ್ತು ಮೈಲಿಯೂ ಕಿಟಕಿಯಿಂದ ಮುಖ ತಿರುಗಿಸದೆ ಬಸ್ಸಿನಲ್ಲಿ ಮನೆಗೆ ಬಂದಳು.

ಇನ್ನು ನೀವೇ ಹೇಳಿ. ಹೊಸ ಬೂಟು ಹಾಕಿಕೊಂಡ ಕಾಲು ಒಂದೇ ಕಡೆ ನಿಲ್ಲುತ್ತದೆಯೇ? ಮಾರನೆಯ ದಿನ ಬೆಳಗ್ಗೆ ಬಾರ್ಲಿಂಗ್‌ಟನ್ನಿನ ಡೌನ್‌ಟೌನ್ ಒಂದು ಹೆಜ್ಜೆ ಇಟ್ಟಿತು. ಚೆನ್ನಾಗಿದೆ ಅನ್ನಿಸಿತು. ಇನ್ನೊಂದು ಹೆಜ್ಜೆ ಇಟ್ಟಿತು. ಇಷ್ಟು ವರ್ಷ ಬೈಸಿಕೊಂಡ ಆ ಟಲೂಮಾದ ಡೌನ್‌ಟೌನ್ ಹೇಗಿದೆ, ನೋಡಿಕೊಂಡು ಬರೋಣ ಅಂತ ಹೊರಟೇಬಿಟ್ಟಿತು. ಅಷ್ಟು ಹೊತ್ತಿಗೆ ಟಲೂಮಾದ್ದೂ ಹೊರಟಿತ್ತು, ಹೈಹೀಲ್ಸಿನಲ್ಲಿ ಟಕ್ ಟಕ್ ಅನ್ನುತ್ತಾ. ಒಳಗೆ ಜನ ಫೈಲು ಹಿಡಿದುಕೊಂಡು, ಮೇಜು ಹಿಡಿದುಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಹಿಂದೆ ಇಬ್ಬರು ಮೇಯರುಗಳು "ನಿಲ್ಲು! ನಿಲ್ಲು!" ಅಂತ ಕಾರಿನಲ್ಲಿ ಅಟ್ಟಿಸಿಕೊಂಡು ಬಂದರು. ಎರಡೂ ಇಪ್ಪತ್ತು ಇಪ್ಪತ್ತು ಮೈಲಿ ನಡೆದು ಹ್ಯಾಟಿಯ ಅಂಗಡಿಯ ಎದುರಿನ ಬಯಲಲ್ಲಿ ಮುಖಾಮುಖಿಯಾದವು.

ಗಾಜಿನ ಕಟ್ಟಡದ ಎದುರಿಗೆ ಗಾಜಿನ ಕಟ್ಟಡ ನಿಂತರೆ ಏನು ಕಾಣುತ್ತದೆ? ಬಾರ್ಲಿಂಗ್‌ಟನ್ನಿನ ನಲವತ್ತೆರಡು ಮಹಡಿಯದು ಡೋರಾಳ ಕಟ್ಟಡವನ್ನು ನೋಡಿತು. ಅದರಲ್ಲಿ ಕಂಡದ್ದು ತನ್ನದೇ ಮುಖ.

"ಅಯ್ಯೋ, ನೀನು ನಾನೇ!"

"ಅಲ್ಲ, ನೀನೇ ನಾನು!"

"ನಿನ್ನ ಕಾಲಬುಡದಲ್ಲೂ ಒಂದು ಕಾಫಿ ಅಂಗಡಿ ಇದೆಯಾ?"

"ಇದೆ. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಗಿಡ."

"ನನಗೂ ಅದೇ ಗಿಡ. ಸಂಜೆ ಆರಕ್ಕೆ ನಿನ್ನ ಜನ ಏನು ಮಾಡ್ತಾರೆ?"

"ಬಿಟ್ಟು ಹೋಗ್ತಾರೆ. ಒಬ್ಬರೂ ನಿಲ್ಲಲ್ಲ. ದೂರದಲ್ಲೆಲ್ಲೋ ಅವರ ಮನೆ."

"ನನ್ನವರೂ ಹಾಗೇ. ಭಾನುವಾರ?"

"ಭಾನುವಾರದ ಮಾತು ಎತ್ತಬೇಡ" ಅಂದಿತು ಡೋರಾಳ ಕಟ್ಟಡ.

ಅಂಗಡಿಯ ಬಾಗಿಲಲ್ಲಿ ನಿಂತು ಹ್ಯಾಟಿ ಇದನ್ನೆಲ್ಲ ಕೇಳಿಸಿಕೊಂಡಳು. ನಮ್ಮದು ನಮ್ಮದು ಅಂತ ಊರಿಗೆ ಊರೇ ಎದೆ ತಟ್ಟಿಕೊಳ್ಳುತ್ತಿದ್ದದ್ದು ಇವುಗಳಿಗಾಗಿ. ಇವೋ, ಸಂಜೆಯಾದರೆ ಮಾತಿಗೆ ಒಬ್ಬರೂ ಇಲ್ಲದೆ ದೀಪ ಹಾಕಿಕೊಂಡು ನಿಂತಿರುತ್ತಿದ್ದವು. ಮರ್ಯಾದೆ ಅಂತ ತಾನು ಅಂದದ್ದೂ ಇದೇ, ಬೆಳಕು ಅಂತ ಡೋರಾ ಅಂದದ್ದೂ ಇದೇ. ಇಷ್ಟಕ್ಕೆ ಹನ್ನೊಂದು ವರ್ಷ ಹೋಯಿತು.

ಅಷ್ಟರಲ್ಲಿ ನೂರಿಪ್ಪತ್ತಾರು ಕಟ್ಟಡಗಳೂ ಒಂದರೊಳಗೊಂದು ಬೆರೆತು, ಹೆಗಲಿಗೆ ಹೆಗಲು ಕೊಟ್ಟು ಮಾತಿಗೆ ನಿಂತಿದ್ದವು. ಕಾಲು ನೋಯುತ್ತದೆ ಅಂತ ಟಲೂಮಾದವು ಹೈಹೀಲ್ಸನ್ನು ಒಂದು ಕಡೆ ಬಿಚ್ಚಿ ಬಿಸಾಡಿದ್ದವು. ಅದನ್ನು ನೋಡಿ ಬಾರ್ಲಿಂಗ್‌ಟನ್ನಿನವೂ ಬೂಟು ಬಿಚ್ಚಿದ್ದವು. ಯಾವುದು ಯಾವ ಊರಿನದು ಅಂತ ಮೇಯರುಗಳಿಗೆ ಗೊತ್ತಾಗಲಿಲ್ಲ. ಹಾಬ್ಸ್ ಒಂದು ಕಟ್ಟಡವನ್ನು ತಬ್ಬಿಕೊಂಡು, "ಇದು ನಮ್ಮದೇ, ಇದರ ಚೆಂದವೇ ಬೇರೆ" ಅಂದ. ಒಳಗಿನಿಂದ ಒಬ್ಬರು ಕಿಟಕಿ ತೆಗೆದು, "ಸ್ವಾಮಿ, ನಾವು ಟಲೂಮಾದವರು" ಅಂದರು. ಹಾಬ್ಸ್ ಕೈ ಬಿಟ್ಟು, "ನೋಡಿ, ಎಷ್ಟು ಅಸಹ್ಯವಾಗಿದೆ" ಅಂದ.

"ಹ್ಯಾಟಿ, ಅಳತೆ ನಿನ್ನ ಹತ್ತಿರ ಇದೆ. ಬೇರೆ ಮಾಡಿಕೊಡು" ಅಂತ ಇಬ್ಬರೂ ಕೇಳಿಕೊಂಡರು.

ಹ್ಯಾಟಿ ಪುಸ್ತಕ ತೆಗೆದಳು. ಒಂದೊಂದೇ ಕಟ್ಟಡದ ಪಾದ ಹಲಗೆಯ ಮೇಲೆ ಇಡಿಸಿ, ಇದು ಆ ಕಡೆ, ಇದು ಈ ಕಡೆ ಅನ್ನುತ್ತಾ ಹೋದಳು. ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು. ಕೊನೆಗೆ ಎರಡು ಉಳಿದವು. ನಲವತ್ತೆರಡು ಮಹಡಿಯದು ಮತ್ತು ಡೋರಾಳದು. ಅವೆರಡೂ ಬೇರೆಯಾಗಲು ಒಲ್ಲದೆ ಒಂದಕ್ಕೊಂದು ಒರಗಿ ನಿಂತಿದ್ದವು. ಡೋರಾ ಲಿಫ್ಟಿನಿಂದ ಇಳಿದು ಬಾಗಿಲಿಗೆ ಬಂದಿದ್ದಳು.

ಹ್ಯಾಟಿ ಮೊದಲನೆಯದರ ಪಾದ ಅಳೆದಳು. ಎರಡನೆಯದನ್ನೂ ಅಳೆದಳು. ಎರಡರ ನಂಬರೂ ಪುಸ್ತಕದಲ್ಲಿ ಅವಳದೇ ಕೈಬರಹದಲ್ಲಿ ಇದ್ದವು. ಅವಳು ತುಂಬಾ ಹೊತ್ತು ಆ ಪುಟ ನೋಡಿದಳು. ಅಂಗಡಿಯಲ್ಲಿ ಪಾದ ಅಳೆದ ಮೂವತ್ತು ವರ್ಷದಲ್ಲಿ ಒಮ್ಮೆಯೂ ಆಡದಂಥ ಒಂದು ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಪುಸ್ತಕ ಮುಚ್ಚಿದಳು.

"ಈ ಎರಡು ನನ್ನ ಪುಸ್ತಕದಲ್ಲಿ ಇಲ್ಲ."

"ಇಲ್ಲ ಅಂದರೆ?" ಅಂದಳು ಶ್ರೀಮತಿ ಕ್ವಿಂಬಿ.

"ಇಲ್ಲ ಅಂದರೆ ಇಲ್ಲ. ಯಾರದೋ ಗೊತ್ತಿಲ್ಲ. ಗೊತ್ತಾಗೋವರೆಗೂ ಇಲ್ಲೇ ಇರಲಿ."

"ಹಾಗಾದರೆ ಯಾವುದು ದೊಡ್ಡದು, ಅದನ್ನಾದರೂ ಹೇಳು!"

"ಲೆಕ್ಕ ತುಂಬದೆ ಹೇಗೆ ಹೇಳಲಿ? ನಿಮಗೆ ಅರವತ್ತೆರಡು, ಅವರಿಗೆ ಅರವತ್ತೆರಡು. ಈ ಎರಡು ಯಾರವು ಅಂತ ತಿಳಿದ ದಿನ ತೀರ್ಪು ಹೇಳ್ತೀನಿ. ಅಲ್ಲೀವರೆಗೂ ರಸ್ತೆಗೆ ಕೈ ಹಚ್ಚಬೇಡಿ."

ಹ್ಯಾಟಿ ಸುಳ್ಳು ಹೇಳುವವಳಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ನಂಬಿದರು. ಹಾಬ್ಸ್ ಮುಂದೆ ನಡೆದ, ಅರವತ್ತೆರಡು ಕಟ್ಟಡಗಳು ಬೂಟು ಕೈಯಲ್ಲಿ ಹಿಡಿದುಕೊಂಡು ಅವನ ಹಿಂದೆ ನಡೆದವು. ಆ ಕಡೆ ಶ್ರೀಮತಿ ಕ್ವಿಂಬಿಯದೂ ಅದೇ ಮೆರವಣಿಗೆ. ಹೋಗುವಾಗ ಕಟ್ಟಡಗಳು ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದವು.

ಬಯಲು ಖಾಲಿಯಾದ ಮೇಲೆ ಡೋರಾ ಹತ್ತಿರ ಬಂದಳು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಳು.

"ಅಕ್ಕಾ, ನನ್ನ ಕಟ್ಟಡದ ನಂಬರು ನೀನು ಬರೆದುಕೊಂಡಿದ್ದು ನನಗೆ ಗೊತ್ತು. ಮೇಲಿನ ಕಿಟಕಿಯಿಂದ ನೋಡ್ತಿದ್ದೆ."

"ನೋಡಿದ್ದರೆ ಇಳಿದು ಬರಬೇಕಾಗಿತ್ತು."

"ನೀನು ಹತ್ತಿ ಬರಬೇಕಾಗಿತ್ತು."

"ಯಾವ ಮಹಡಿ ಅಂತ ಕೇಳಿದೋಳ ಹತ್ತಿರ ಹೇಗೆ ಬರಲಿ?"

"ನೆಲಮಹಡಿ ಅಂದೋಳನ್ನ ಎಲ್ಲಿಗೆ ಕರಕೊಂಡು ಹೋಗಲಿ?"

ಡೋರಾ ಮೊದಲು ನಕ್ಕಳು. ಹ್ಯಾಟಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಮಾಡಬೇಕೋ ತಿಳಿಯದೆ ತಂಗಿಯ ಕೈ ಹಿಡಿದುಕೊಂಡಳು.

ಈಗ ಇಪ್ಪತ್ತನೇ ಮೈಲಿಯಲ್ಲಿ, ಅಂಗಡಿಯ ಆ ಕಡೆ ಒಂದು, ಈ ಕಡೆ ಒಂದು ಕಟ್ಟಡ ನಿಂತಿವೆ. ಅವು ಯಾರವೋ ಪತ್ತೆ ಮಾಡಲು ಎರಡೂ ಊರಿನ ಜನ ಪ್ರತಿ ಭಾನುವಾರ ಬರುತ್ತಾರೆ. ಸುತ್ತುತ್ತಾರೆ, ನೋಡುತ್ತಾರೆ, ನಮ್ಮದೇ ಅನ್ನುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಸಂಜೆ ಆರಾದರೂ ಎದ್ದು ಹೋಗುವುದಿಲ್ಲ. ಡೋರಾ ಒಂದರ ಲಿಫ್ಟ್ ನಡೆಸುತ್ತಾಳೆ. ಹ್ಯಾಟಿ ಅಂಗಡಿ ಮುಚ್ಚಿದ ಮೇಲೆ ಇನ್ನೊಂದರ ಲಿಫ್ಟ್ ನಡೆಸುತ್ತಾಳೆ. ಮೇಲಿನ ಮಹಡಿಗೆ ಹೋಗಿ, ಕಿಟಕಿ ತೆಗೆದು, ಯಾವ ಕಟ್ಟಡ ದೊಡ್ಡದು ಅಂತ ಅಕ್ಕತಂಗಿಯರು ಜಗಳ ಆಡುತ್ತಾರೆ. ಗಂಟಲು ಒಣಗಿದ ಮೇಲೆ ಕೆಳಗೆ ಬಂದು ಕಾಫಿ ಕುಡಿಯುತ್ತಾರೆ. ಅವರ ಜಗಳ ಇನ್ನೂ ಮುಗಿದಿಲ್ಲ, ಮುಗಿಸಲು ಇಬ್ಬರಿಗೂ ಮನಸ್ಸಿಲ್ಲ.

ಕತೆಗೆ ನೀತಿ ಬೇಕೇ? ಇಗೋ ತೊಗೊಳ್ಳಿ: ಎರಡು ಊರಿನಲ್ಲಿ ಯಾವುದು ದೊಡ್ಡದು ಅಂತ ಯಾರಾದರೂ ಕೇಳಿದರೆ, ಎಣಿಸುವುದು ಇನ್ನೂ ಬಾಕಿ ಇದೆ ಅನ್ನಿ. ಹೂಂ ಅಂದವರಿಗೆಲ್ಲ ಕತೆ ಸಂದಿತು. ಅನ್ನದವರು ಎದ್ದು ಬೂಟು ಹುಡುಕಿಕೊಳ್ಳಿ.