ಅನ್ನದ ಕಾವಲು

ಮಲ್ಲರಸನೆಂಬ ಶಿಷ್ಯನಿಗೆ ಒಂದು ಪಟ್ಟಣದ ಅಧಿಕಾರ ದೊರೆತಿತ್ತು. ಹೊರಡುವ ಮುನ್ನ ಅವನು ಗುರುವಿಗೆ ಕೈಮುಗಿದು ಕೇಳಿದ: "ಗುರುಗಳೇ, ಕಟ್ಟಳೆ ಒಳ್ಳೆಯದಾಗಿದ್ದು, ನಡೆಸುವವನು ಪ್ರಾಮಾಣಿಕನಾಗಿದ್ದರೆ ಜನ ಸುಖವಾಗಿರುತ್ತಾರಲ್ಲವೇ?"

ಗುರು ಒಂದು ಕಥೆ ಹೇಳಿದ.

ಒಂದು ಪಟ್ಟಣದಲ್ಲಿ ಮದುವೆಮನೆಗಳ, ಛತ್ರಗಳ ಮಿಕ್ಕ ಅನ್ನವೆಲ್ಲ ಕೋಟೆಯ ಕಂದಕಕ್ಕೆ ಬೀಳುತ್ತಿತ್ತು. ಕಂದಕ ನಾರುತ್ತಿತ್ತು. ಅದರ ದಡದಲ್ಲೇ ಜನ ಹಸಿದು ಮಲಗುತ್ತಿದ್ದರು. ಅರಸ ಕಟ್ಟಳೆ ಮಾಡಿದ: ತಿನ್ನಲು ಬರುವುದು ಹಸಿದವರಿಗೆ ಸೇರಬೇಕು, ಸಿಪ್ಪೆ ಎಲೆಗಳು ಗೊಬ್ಬರದ ಗುಂಡಿಗೆ ಸೇರಬೇಕು. ಇದನ್ನು ನಡೆಸಲು ಒಬ್ಬ ಅಧಿಕಾರಿಯನ್ನು ನೇಮಿಸಿದ.

ಅಧಿಕಾರಿ ಕೈ ಶುದ್ಧವಿದ್ದ ಮನುಷ್ಯ. ಎಷ್ಟು ಗಾಡಿ, ಎಷ್ಟು ಎತ್ತು, ಎಷ್ಟು ಆಳು ಬೇಕೆಂದು ಕೂತು ಲೆಕ್ಕ ಹಾಕಿದ. ಅನ್ನ ಹಂಚಲು ಒಂದು ಅನ್ನಶಾಲೆಯನ್ನೂ ಸೇರಿಸಿದ. ಆಮೇಲೆ ಅವನಿಗೊಂದು ಅನುಮಾನ ಬಂತು. ಗಾಡಿಯವನು ದಾರಿಯಲ್ಲಿ ಅನ್ನ ಮಾರಿಕೊಂಡರೆ? ಗಾಡಿಗೊಬ್ಬ ಕಾವಲುಗಾರನನ್ನು ಇಟ್ಟ. ಕಾವಲುಗಾರನೂ ಅವನ ಜೊತೆ ಸೇರಿಕೊಂಡರೆ? ಅವನ ಮೇಲೊಬ್ಬ ಮೇಲ್ವಿಚಾರಕ. ಛತ್ರದವರು ಬಚ್ಚಿಟ್ಟರೆ? ಅಡುಗೆಮನೆ ನೋಡಲು ತನಿಖೆಯವರು.

ಅರಸ ಕೇಳಿ ಮೆಚ್ಚಿದ. ಆದರೆ ಬೊಕ್ಕಸಕ್ಕೆ ಅಷ್ಟು ಶಕ್ತಿಯಿರಲಿಲ್ಲ. "ಅರ್ಧ ಬಿಡು" ಎಂದ.

ಅಧಿಕಾರಿ ಬಹಳ ಯೋಚಿಸಿದ. ಕಾವಲು ಬಿಟ್ಟು ಕಳ್ಳತನವಾದರೆ ಕೆಟ್ಟ ಹೆಸರು ತನಗೆ. ಅವನು ಕಾವಲನ್ನು ಉಳಿಸಿಕೊಂಡು, ಒಂದರ ಹೊರತು ಉಳಿದ ಗಾಡಿಗಳನ್ನೆಲ್ಲ ಕೈಬಿಟ್ಟ.

ಒಂದು ಛತ್ರದ ಹಿತ್ತಿಲ ಬಾಗಿಲಿಗೆ ಒಬ್ಬ ಹೆಂಗಸು ದಿನವೂ ಬರುತ್ತಿದ್ದಳು. ಅವಳ ಗಂಡ ಕಲ್ಲುಕುಟಿಗ. ಕೋಟೆ ಕಟ್ಟುವಾಗ ಚಕ್ಕೆ ಸಿಡಿದು ಕಣ್ಣು ಕಳೆದುಕೊಂಡಿದ್ದ. ಅಡುಗೆಯವನು ಮಿಕ್ಕದ್ದನ್ನು ಅವಳ ಗಡಿಗೆಗೆ ಹಾಕಿ ಕಳಿಸುತ್ತಿದ್ದ. ಕಟ್ಟಳೆ ಬಂದ ಮೇಲೆ ತನಿಖೆಯವನು ಅವನ ಕೈ ತಡೆದ. ಅಧಿಕಾರಿ ಅಂದು ಅಲ್ಲೇ ಇದ್ದ.

"ಸ್ವಾಮಿ, ಗಾಡಿ ಬರುವಷ್ಟರಲ್ಲಿ ಇದು ಹಳಸಿಹೋಗುತ್ತೆ. ಈಯಮ್ಮ ಇಲ್ಲೇ ನಿಂತಿದ್ದಾಳೆ" ಎಂದ ಅಡುಗೆಯವನು.

ಅಧಿಕಾರಿಗೆ ಮರುಕ ಹುಟ್ಟಿತು. ಆದರೆ ಒಂದು ಬಾಗಿಲು ಸಡಿಲಿಸಿದರೆ ಎಲ್ಲ ಬಾಗಿಲೂ ಸಡಿಲವಾಗುತ್ತವೆ ಎಂದುಕೊಂಡ. "ಅನ್ನಶಾಲೆಗೆ ಬಾ ತಾಯಿ. ಇಲ್ಲಿ ಸಿಗುವುದು ಭಿಕ್ಷೆ, ಅಲ್ಲಿ ಸಿಗುವುದು ನಿನ್ನ ಹಕ್ಕು" ಎಂದ. ತಾನಾಡಿದ ಮಾತು ಅವನಿಗೇ ಹಿತವಾಯಿತು.

ಅವಳು ಹೋಗಿ ಕಾದಳು. ಇದ್ದ ಒಂದೇ ಗಾಡಿ ಊರೆಲ್ಲ ಸುತ್ತಿ ಬರುವಾಗ ಹೊತ್ತು ಮುಳುಗಿತ್ತು. ಅನ್ನ ಹುಳಿ ನಾತ ಹೊಡೆಯುತ್ತಿತ್ತು. ಮೇಲ್ವಿಚಾರಕ ತೂಕ ಸರಿಯಿದೆಯೆಂದು ನೋಡಿ ಹಂಚಿಸಿದ. ಅವಳು ಮನೆಗೊಯ್ದು, ನೀರಿನಲ್ಲಿ ತೊಳೆದು, ಉಪ್ಪು ಹಾಕಿ ಗಂಡನಿಗೆ ಉಣ್ಣಿಸಿ ತಾನೂ ಉಂಡಳು. ಇಬ್ಬರಿಗೂ ವಾಂತಿ ಭೇದಿ ಹತ್ತಿತು. ಬೆಳಗಾಗುವಾಗ ಗಂಡ ಸತ್ತಿದ್ದ. ಅವಳು ಅವನ ಪಕ್ಕದಲ್ಲಿ ಏಳಲಾರದೆ ಬಿದ್ದಿದ್ದಳು.

ಸುದ್ದಿ ಕೇಳಿ ಅಧಿಕಾರಿ ಓಡಿ ಬಂದ. ಬಾಗಿಲವರೆಗೆ ಬಂದವನು ಒಳಗೆ ಹೋಗಲಿಲ್ಲ. ಅಲ್ಲಿಂದ ನೇರ ಗೊಬ್ಬರದ ಗುಂಡಿಗೆ ಹೋದ. ಹಂಚದೆ ಉಳಿದ ಅನ್ನವೆಲ್ಲ ಅಲ್ಲಿ ಬಿದ್ದಿತ್ತು. ಸುತ್ತ ಕಾವಲುಗಾರರು ಎಚ್ಚರದಿಂದ ನಿಂತಿದ್ದರು. ಒಂದು ಹಿಡಿಯೂ ಕಳುವಾಗಿರಲಿಲ್ಲ.

ಗುರು ಮಾತು ನಿಲ್ಲಿಸಿದ. ಮಲ್ಲರಸ, "ಆಮೇಲೆ ಆ ಅಧಿಕಾರಿ ಏನಾದ?" ಎಂದು ಕೇಳಿದ.

"ಆ ಹೆಂಗಸು ಬದುಕಿದಳೇ ಎಂದು ನೀನೂ ಕೇಳಲಿಲ್ಲ" ಎಂದ ಗುರು.