ಅರಿಶಿನದ ಕೊಂಬಿನ ಪರೀಕ್ಷೆ

ಬೆಳಗಿನ ಹನ್ನೊಂದು ಗಂಟೆ. ಹೊರಗೆ ಬಿಸಿಲು, ಗಾಳಿಯಿಲ್ಲ. ಕಂಪ್ಯೂಟರ್ ಅಂಗಡಿಯಲ್ಲಿ ಹಾಜರಿದ್ದವರು ಮಾಲೀಕ ರುದ್ರಯ್ಯ, ಮದುವೆಯ ಫೋಟೋ ತೆಗೆಯುವ ನೀಲಾಂಬಿಕೆ ಮತ್ತು ಅವಳ ಕೈಗೆಟುಕುವ ಒಂದೇ ಬೆಲೆಯ ಎರಡು ಮಾನಿಟರುಗಳು. ಸಣ್ಣ ಮಾನಿಟರು ಇಂದೂ ಮಾರಾಟವಾಗದಿದ್ದರೆ ಗೋದಾಮಿಗೆ ಮರಳಬೇಕಿತ್ತು.

“ಹಗಲು ಫೋಟೋ ತಿದ್ದಬೇಕು, ಸಂಜೆ ಗೇಮ್ ಆಡಬೇಕು,” ಎಂದಳು ನೀಲಾಂಬಿಕೆ. “ಹಳೆಯ ಮಾನಿಟರನ್ನು ನಂಬಿ ಆಲ್ಬಂ ಮಾಡಿಸಿದೆ. ಮದುಮಗಳ ಮುಖದ ಅರಿಶಿನ ಅಚ್ಚಿನಲ್ಲಿ ಕಿತ್ತಳೆಯಾಯಿತು. ಮದುವೆ ಮನೆಯವರು ಆಲ್ಬಂ ವಾಪಸ್ ತಂದಿಟ್ಟರು.”

ದೊಡ್ಡ ಮಾನಿಟರು ಪಕ್ಕದ ಸಣ್ಣದಕ್ಕೆ ಪಿಸುಗುಟ್ಟಿತು: “ಬಣ್ಣ ಏರಿಸಿಕೊಳ್ಳೋ ಪೆದ್ದಾ! ಮಂಕಾಗಿ ನಿಂತವನನ್ನು ಯಾರು ಕೊಳ್ಳುತ್ತಾರೆ?”

“ಇಲ್ಲದ ಬಣ್ಣವನ್ನು ಎಲ್ಲಿಂದ ತರಲಿ ಅಣ್ಣಾ?” ಎಂದಿತು ಸಣ್ಣದು.

“ಗೇಮ್ ಆಡುವಾಗ ಚಿತ್ರ ಬದಲಾಗುವ ವೇಗ ಹೇಗೆ?” ಎಂದು ನೀಲಾಂಬಿಕೆ ಕೇಳಿದಳು.

“ನನ್ನ ವೇಗ ಈ ಬೀದಿಯಲ್ಲೇ ಇನ್ನೊಬ್ಬರಿಗಿಲ್ಲ!” ಎಂದಿತು ದೊಡ್ಡದು.

ಸಣ್ಣದಕ್ಕೆ ಗೋದಾಮು ನೆನಪಾಯಿತು. ಆದರೂ ಹೇಳಿತು: “ನಾನು ಅವನಷ್ಟು ವೇಗಿಯಲ್ಲ ತಾಯಿ. ಸಂಜೆಯ ಆಟಕ್ಕೆ ಸಾಲುತ್ತೇನೆ, ಪಂದ್ಯಕ್ಕೆ ಸಾಲೆನು.”

ನೀಲಾಂಬಿಕೆ ಚೀಲದಿಂದ ಅರಿಶಿನದ ಕೊಂಬೊಂದನ್ನು ತೆಗೆದಳು. ತಾನು ಮೊದಲೇ ತೆಗೆದಿದ್ದ ಅದರದೇ ಫೋಟೋವನ್ನು ಎರಡರಲ್ಲೂ ತೆರೆಸಿ, ಕೊಂಬನ್ನು ಪಕ್ಕದಲ್ಲಿ ಹಿಡಿದಳು. ದೊಡ್ಡದರಲ್ಲಿ ಅರಿಶಿನ ಕೆಂಡದಂತೆ ಉರಿಯಿತು. ಸಣ್ಣದರಲ್ಲಿ ಕೊಂಬು ಯಾವುದು, ಚಿತ್ರ ಯಾವುದು ಎಂದು ರುದ್ರಯ್ಯನೇ ತಡವರಿಸಿದ.

“ತನ್ನ ಕೊರತೆಯನ್ನೇ ಮುಚ್ಚಿಡದವನು ನನ್ನ ಮದುಮಗಳ ಮುಖಕ್ಕೆ ಇಲ್ಲದ ಬಣ್ಣ ಬಳಿಯುವುದಿಲ್ಲ. ಸಣ್ಣದನ್ನೇ ಕಟ್ಟಿಕೊಡಿ, ರುದ್ರಯ್ಯನವರೇ.”